ಒಂದು ಹಿಡಿ ಹಿಟ್ಟು: ದಿನದಿನದ ಆದರಣೆಯನ್ನು ಕುರಿತ ಒಂದು ಪಾಠ

ಓದತಕ್ಕ ಭಾಗ: ಅರಸುಗಳ ಮೊದಲನೆಯ ಗ್ರಂಥ, ೧೭ ಮತ್ತು ೧೯ನೆಯ ಅಧ್ಯಾಯಗಳು



ಶಾಲೆಯಲ್ಲಿರುವಷ್ಟು ಕಾಲ ದೇವರ ಸ್ಮರಣೆಗೆ ಒಂದು ಗಂಟೆಯಿರುತ್ತದೆ. ಗಂಟೆ ಬಾರಿಸಿದೊಡನೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಕೀರ್ತನೆಯಾಗುತ್ತದೆ, ಒಬ್ಬಳು ವೇದಭಾಗವನ್ನು ಓದುತ್ತಾಳೆ, ಎಲ್ಲರೂ ತಲೆಬಾಗಿಸಿ ಪ್ರಾರ್ಥಿಸುತ್ತಾರೆ. ಮನಸ್ಸಿದ್ದರೂ ಇಲ್ಲದಿದ್ದರೂ ಕಿವಿಗೆ ಒಳ್ಳೆಯ ಮಾತು ಬೀಳುತ್ತದೆ. ಶಾಲೆಯನ್ನು ಬಿಟ್ಟು ಹೋದ ದಿನ ಆ ಗಂಟೆ ನಮ್ಮೊಡನೆ ಬರುವುದಿಲ್ಲ. ಆಮೇಲೆ ನಮ್ಮನ್ನು ಎಬ್ಬಿಸುವುದು ಹಸುವಿನ ಕೂಗು, ಕೂಸಿನ ಅಳು, ನಲ್ಲಿಯಲ್ಲಿ ನೀರು ಬಂತೆಂಬ ನೆರೆಯವರ ಕರೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕ್ರೈಸ್ತರ ಮನೆಗಳು ವಿರಳ. ಒಂದು ಹಳ್ಳಿಯಲ್ಲಿ ಒಂದೇ ಕುಟುಂಬವಿರುವುದುಂಟು; ದೇವಾಲಯವು ಬಹುದೂರದಲ್ಲಿರುವುದುಂಟು. ಈ ಸೀಮೆಯಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪತ್ರದಲ್ಲಿ ಹೀಗೊಂದು ಪ್ರಶ್ನೆಯನ್ನು ಕೇಳಿದ್ದಳು: ಭಾನುವಾರ ಬಸ್ಸು ದೊರೆಯುವುದಿಲ್ಲ, ಕೂಡಿ ಪ್ರಾರ್ಥಿಸಲು ಯಾರೂ ಇಲ್ಲ, ರಾತ್ರಿ ಪುಸ್ತಕವನ್ನು ತೆರೆದರೆ ಆಯಾಸದಿಂದ ಕಣ್ಣು ಮುಚ್ಚಿಕೊಳ್ಳುತ್ತದೆ, ಹೀಗಿರುವಾಗ ನನ್ನ ನಂಬಿಕೆಯು ಬತ್ತಿಹೋಯಿತೆಂದು ತಿಳಿಯಬೇಕೇ? ಈ ಪ್ರಶ್ನೆಯು ಅವಳೊಬ್ಬಳದಲ್ಲವೆಂದು ಬಲ್ಲೆನು. ಆದಕಾರಣ ಈ ಸಂಚಿಕೆಯಲ್ಲಿ ಅದಕ್ಕೆ ಉತ್ತರವಾಗಿ ಒಂದು ವೇದಪಾಠವನ್ನು ಎಲ್ಲರ ಮುಂದಿಡುತ್ತೇನೆ. ಪಾಠವು ಒಂದು ಬರಗಾಲದ ಕಥೆ. ಬರವನ್ನು ಕಂಡ ನಾಡಿನವರಾದ ನೀವು ಇದನ್ನು ಓದುವಾಗ ದೊಡ್ಡ ವ್ಯಾಖ್ಯಾನಗಳ ನೆರವು ಅಷ್ಟಾಗಿ ಬೇಕಾಗಲಾರದು.

೧. ಬತ್ತಿದ ಹಳ್ಳ

ಇಸ್ರಾಯೇಲಿನಲ್ಲಿ ಅಹಾಬನು ಆಳುತ್ತಿದ್ದ ಕಾಲದಲ್ಲಿ ಮಳೆಯೂ ಮಂಜೂ ನಿಂತುಹೋದವು. ಪ್ರವಾದಿಯಾದ ಎಲೀಯನು ದೇವರ ಅಪ್ಪಣೆಯಂತೆ ಯೊರ್ದನಿನ ಪೂರ್ವದಲ್ಲಿದ್ದ ಕೆರೀತ್ ಎಂಬ ಹಳ್ಳದ ಬಳಿಯಲ್ಲಿ ಅಡಗಿಕೊಂಡನು. ಬೆಳಿಗ್ಗೆಯೂ ಸಂಜೆಯೂ ಕಾಗೆಗಳು ಅವನಿಗೆ ಆಹಾರವನ್ನು ತಂದುಕೊಟ್ಟವು. ಹಳ್ಳದ ನೀರನ್ನು ಅವನು ಕುಡಿದನು. ಕೆಲವು ಕಾಲದ ಮೇಲೆ ಆ ಹಳ್ಳವೂ ಬತ್ತಿತು.

ಇಲ್ಲಿ ಸ್ವಲ್ಪ ನಿಂತು ಆಲೋಚಿಸಿರಿ. ಎಲೀಯನು ಅವಿಧೇಯನಾಗಿರಲಿಲ್ಲ. ಹೋಗೆಂದ ಸ್ಥಳಕ್ಕೇ ಹೋಗಿದ್ದನು, ಇರೆಂದ ಸ್ಥಳದಲ್ಲಿಯೇ ಇದ್ದನು. ಆದರೂ ಅವನು ಕುಡಿಯುತ್ತಿದ್ದ ಹಳ್ಳವು ಒಣಗಿತು. ನಂಬುವವರ ಹೊಲದ ಮೇಲೆ ಮಾತ್ರ ಮಳೆ ಸುರಿಯುವುದೆಂದು ಸತ್ಯವೇದವು ಎಲ್ಲಿಯೂ ಹೇಳಲಿಲ್ಲ. ಹಾಗೆ ಹೇಳುವ ಉಪದೇಶಕರು ಇಂದಿನ ದಿನಗಳಲ್ಲಿ ಹೆಚ್ಚಾಗಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಬೆಳೆ ಹೋದವಳಿಗೆ, ಮಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗದ ತಾಯಿಗೆ, ಗಂಡನು ಕೆಲಸ ಕಳೆದುಕೊಂಡ ಮನೆಗೆ ಹೋಗಿ, ನಿಮ್ಮ ನಂಬಿಕೆ ಸಾಲದೆಂದು ಹೇಳುವುದು ಆದರಣೆಯಲ್ಲ. ಗಾಯದ ಮೇಲೆ ಹೊಡೆದಂತೆ.

ನಮ್ಮ ಸೀಮೆಯ ಭೂಮಿಯೇ ಈ ಮಾತಿಗೆ ಸಾಕ್ಷಿಯಾಗಿದೆ. ಚಳ್ಳಕೆರೆ, ಮೊಳಕಾಲ್ಮೂರುಗಳು ಕರ್ನಾಟಕದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಸೇರಿವೆ. ಕಡಲೆಕಾಯಿಯನ್ನು ಬಿತ್ತಿ ಮುಗಿಲನ್ನು ನೋಡುವುದು ಇಲ್ಲಿನವರ ಬಾಳು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಆಗಿನ ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಮಂದಿ, ಅಂದರೆ ಐವರಲ್ಲಿ ಒಬ್ಬರಂತೆ, ಅಳಿದುಹೋದರು. ಅವರಲ್ಲಿ ಭಕ್ತರೂ ಇದ್ದರು, ಭಕ್ತಿಹೀನರೂ ಇದ್ದರು; ಮುದುಕರೂ ಇದ್ದರು, ಮೊಲೆಯುಣ್ಣುವ ಕೂಸುಗಳೂ ಇದ್ದವು. ಅದನ್ನು ಬಲ್ಲವರು ಬರವನ್ನು ಒಬ್ಬೊಬ್ಬರ ಭಕ್ತಿಯನ್ನು ಅಳೆಯುವ ಕೋಲನ್ನಾಗಿ ಮಾಡಲಾರರು.

ಹಾಗಾದರೆ ನಂಬಿಕೆಯ ಪ್ರಯೋಜನವೇನು? ಹಳ್ಳವು ಬತ್ತಿದಾಗ ಎಲೀಯನಿಗೆ ಮತ್ತೊಂದು ಹಳ್ಳವು ದೊರೆಯಲಿಲ್ಲ. ಎದ್ದು ಹೋಗಬೇಕಾದ ಒಂದು ದಾರಿ ದೊರೆಯಿತು. ಆ ದಾರಿ ಅವನನ್ನು ಒಬ್ಬ ಬಡ ವಿಧವೆಯ ಬಾಗಿಲಿಗೆ ನಡಿಸಿತು.

೨. ತುಂಬದ ಮಡಿಕೆ

ಚೀದೋನಿಗೆ ಸೇರಿದ ಚಾರೆಪ್ತವೆಂಬ ಊರಿನ ಬಾಗಿಲಲ್ಲಿ ಆ ವಿಧವೆಯು ಸೌದೆಯ ಕಡ್ಡಿಗಳನ್ನು ಆರಿಸುತ್ತಿದ್ದಳು. ಅವಳ ಮಡಿಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ. ಇಷ್ಟೇ ಅವಳ ಆಸ್ತಿ. ಅದನ್ನು ಬೇಯಿಸಿ, ತಾನೂ ಮಗನೂ ತಿಂದು, ಆಮೇಲೆ ಸಾಯುವುದೆಂದು ಅವಳು ನಿಶ್ಚಯಿಸಿದ್ದಳು. ಮಳೆ ಬೀಳುವ ದಿನದವರೆಗೆ ಮಡಿಕೆಯ ಹಿಟ್ಟು ತೀರುವುದಿಲ್ಲ, ಮೊಗೆಯ ಎಣ್ಣೆ ಕೊರತೆಯಾಗುವುದಿಲ್ಲವೆಂದು ಪ್ರವಾದಿಯು ಅವಳಿಗೆ ತಿಳಿಸಿದನು. ಹಾಗೆಯೇ ಆಯಿತು.

ಈ ಕಥೆಯನ್ನು ಚಿಕ್ಕ ಮಕ್ಕಳಿಗೆ ಹೇಳುವಾಗ ಮಡಿಕೆಯು ತುಂಬಿ ತುಳುಕಿತೆಂದು ಅವರು ಭಾವಿಸುವುದುಂಟು. ವೇದದ ಮಾತನ್ನು ನಿಧಾನವಾಗಿ ಓದಿನೋಡಿರಿ. ಮಡಿಕೆಯು ತುಂಬಿತೆಂದು ಅಲ್ಲಿ ಬರೆದಿಲ್ಲ. ತೀರಲಿಲ್ಲವೆಂದಷ್ಟೇ ಬರೆದಿದೆ. ಬೆಳಿಗ್ಗೆ ಅವಳು ಕೈಹಾಕಿದಾಗ ಆ ದಿನಕ್ಕೆ ಸಾಲುವಷ್ಟು ಹಿಟ್ಟಿತ್ತು. ಮರುದಿನ ಮತ್ತೆ ಕೈಹಾಕಬೇಕಾಗಿತ್ತು. ಪ್ರತಿದಿನವೂ ಮಡಿಕೆಯ ತಳವು ಅವಳ ಕಣ್ಣಿಗೆ ಕಾಣುತ್ತಿದ್ದಿರಬೇಕು. ಪ್ರತಿದಿನವೂ ಅವಳು ರೊಟ್ಟಿ ತಟ್ಟಿದಳು. ಇದೇ ನಿಯಮವನ್ನು ಅದಕ್ಕೂ ಹಿಂದೆ ಅರಣ್ಯದಲ್ಲಿ ಮನ್ನವೆಂಬ ಆಹಾರದ ವಿಷಯದಲ್ಲಿ ಕಾಣುತ್ತೇವೆ. ಅಂದಂದಿನದನ್ನು ಅಂದಂದೇ ಕೂಡಿಸಬೇಕು. ಸಬ್ಬತ್ತಿನ ಹಿಂದಿನ ದಿನದ ಹೊರತು ನಾಳೆಗೆಂದು ಉಳಿಸಿಟ್ಟದ್ದು ಹುಳಬಿದ್ದು ಕೆಟ್ಟುಹೋಯಿತು. ನಮ್ಮ ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿಯೂ ನಾವು ಬೇಡುವುದು ಈ ದಿನದ ಆಹಾರವನ್ನೇ.

ಆತ್ಮದ ಆಹಾರಕ್ಕೂ ಇದೇ ಕ್ರಮ. ಶಾಲೆಯಲ್ಲಿ ಹತ್ತು ವರುಷ ಕೇಳಿದ ವೇದಪಾಠವು ಮುಂದಿನ ಐವತ್ತು ವರುಷಕ್ಕೆ ಸಾಲುವ ಕಣಜವೆಂದು ಎಣಿಸಿದವಳು ಬೇಗನೆ ಬರಿಗೈಯಾಗುವಳು. ವರುಷಕ್ಕೊಮ್ಮೆ ದೊಡ್ಡ ಕೂಟಕ್ಕೆ ಹೋಗಿ ಮೈಮರೆತು ಹಾಡಿ ಬಂದು, ಉಳಿದ ದಿನಗಳಲ್ಲಿ ಪುಸ್ತಕವನ್ನು ಮುಟ್ಟದವಳ ಗತಿಯೂ ಅದೇ. ಅದಕ್ಕೆ ಬದಲಾಗಿ ದಿನಕ್ಕೆ ಹತ್ತು ನಿಮಿಷವಿರಲಿ. ರಾತ್ರಿ ಆಯಾಸವಾಗುವುದಾದರೆ ಬೆಳಿಗ್ಗೆ ಒಲೆಯ ಮೇಲೆ ನೀರು ಕಾಯುವ ಹೊತ್ತಿನಲ್ಲಿ ನಾಲ್ಕು ವಚನಗಳನ್ನು ಓದಿರಿ. ಒಂದು ಮಾತನ್ನು ಆರಿಸಿಕೊಂಡು ಕೊಡ ತುಂಬುವಾಗಲೂ ಕಸ ಗುಡಿಸುವಾಗಲೂ ಮನಸ್ಸಿನಲ್ಲಿ ತಿರುವಿಹಾಕಿರಿ. ಓದುಬರಹವಿಲ್ಲದ ಅತ್ತೆಯಿದ್ದರೆ ಅವರಿಗೆ ಕೇಳುವಂತೆ ಓದಿರಿ. ಮಾರ್ಕನ ಸುವಾರ್ತೆಯಲ್ಲಿ ಹದಿನಾರೇ ಅಧ್ಯಾಯಗಳಿವೆ. ದಿನಕ್ಕೆ ಅರ್ಧ ಅಧ್ಯಾಯದಂತೆ ಒಂದು ತಿಂಗಳಿಗೆ ಮುಗಿಯುತ್ತದೆ. ಓದಿದ ದಿನವೇ ಹೃದಯವು ಉಕ್ಕಿಬರಬೇಕೆಂದು ನಿರೀಕ್ಷಿಸಬೇಡಿರಿ. ಉಂಡ ಪ್ರತಿಯೊಂದು ತುತ್ತಿನ ರುಚಿಯು ನೆನಪಿನಲ್ಲಿರುವುದಿಲ್ಲ. ಆದರೂ ಆ ತುತ್ತುಗಳಿಂದಲೇ ಮೈ ಬೆಳೆಯಿತು.

ಅಲ್ಪವಾದ ಕೆಲಸವನ್ನು ದಿನವೂ ಮಾಡುವವರ ಬಲವನ್ನು ನೋಡಲು ದೂರ ಹೋಗಬೇಕಾಗಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದರ ಅಂಚನ್ನೂ ನವಿಲನ್ನೂ ಮೆಚ್ಚುವ ನಾವು, ಮಗ್ಗದ ಮುಂದೆ ಕುಳಿತವರು ಒಂದೊಂದೇ ಎಳೆಯನ್ನು ಹಾಕಿ ಅದನ್ನು ನೆಯ್ದರೆಂಬುದನ್ನು ಮರೆಯುತ್ತೇವೆ. ನಾವು ಓದುವ ಕನ್ನಡ ಸತ್ಯವೇದವೂ ಹೀಗೆಯೇ ಆದದ್ದು. ಮೊಳಕಾಲ್ಮೂರಿನ ನೆರೆಯದಾದ ಬಳ್ಳಾರಿಗೆ ೧೮೧೦ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು, ವಿಲಿಯಂ ರೀವ್ ಮುಂತಾದವರೊಡನೆ ಕೂಡಿ, ನಮ್ಮ ಭಾಷೆಯನ್ನು ಮೊದಲಿನಿಂದ ಕಲಿತು, ವಚನದ ಮೇಲೆ ವಚನವನ್ನು ಭಾಷಾಂತರಿಸಿ ತಿದ್ದುತ್ತ ಬಂದರು. ಇಡೀ ಗ್ರಂಥವು ಕನ್ನಡದಲ್ಲಿ ಅಚ್ಚಾಗಿ ಮುಗಿಯುವ ಹೊತ್ತಿಗೆ ಇಪ್ಪತ್ತು ವರುಷಗಳು ಕಳೆದಿದ್ದವು.

ಇನ್ನೊಂದು ಸಾಕ್ಷಿಯು ಇನ್ನೂ ಹಳೆಯದು, ಮತ್ತು ನಮ್ಮ ಧರ್ಮದ್ದೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸರು ಅವುಗಳನ್ನು ಬೆಳಕಿಗೆ ತಂದರು. ಅಲ್ಲಿನ ಬಂಡೆಗಳ ಮೇಲೆ ತಂದೆತಾಯಿಗಳ ಸೇವೆ, ಗುರುಗಳಲ್ಲಿ ಗೌರವ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳ ಉಪದೇಶವಿದೆ. ಅದರೊಡನೆ, ಮೇಲಾದ ಪದವಿಯು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಡುವ ಚಿಕ್ಕವರಿಗೂ ಅದು ಸಾಧ್ಯವೆಂಬ ಅಭಿಪ್ರಾಯವೂ ಇದೆ. ಎರಡು ಸಾವಿರದ ಇನ್ನೂರು ವರುಷಗಳಿಗೂ ಹಿಂದೆ ನಮ್ಮ ಊರುಗಳ ಬಳಿಯಲ್ಲಿ ಕೊರೆದ ಈ ಮಾತನ್ನು ಕ್ರೈಸ್ತರಾದ ನಾವೂ ಸಂತೋಷದಿಂದ ಒಪ್ಪಬಹುದು. ಆ ಪ್ರಯತ್ನಕ್ಕೆ ಬೇಕಾದ ಬಲವು ನಮ್ಮದಲ್ಲ, ದೇವರ ಕೃಪೆಯಿಂದ ಬರತಕ್ಕದ್ದೆಂಬುದು ನಮ್ಮ ನಂಬಿಕೆ. ಆದರೂ ಮಡಿಕೆಗೆ ಕೈಹಾಕುವ ಕೆಲಸವು ವಿಧವೆಯದೇ ಆಗಿತ್ತು.

೩. ಮೊದಲು ಒಂದು ಚಿಕ್ಕ ರೊಟ್ಟಿ

ಕಥೆಯಲ್ಲಿ ಎಲ್ಲಕ್ಕಿಂತ ಕಠಿನವಾದ ಮಾತು ಯಾವುದೆಂದರೆ, ಮೊದಲು ನನಗೊಂದು ಚಿಕ್ಕ ರೊಟ್ಟಿಯನ್ನು ಮಾಡಿಕೊಡೆಂದು ಎಲೀಯನು ಆ ಬಡವಳನ್ನು ಕೇಳಿದ್ದು. ಹಸಿದ ಮಗುವಿನ ತಾಯಿಯನ್ನು ಹೀಗೆ ಕೇಳಬಹುದೇ ಎಂದು ಮನಸ್ಸು ಹಿಂಜರಿಯುತ್ತದೆ. ಆದರೆ ಅವಳು ಕೊಟ್ಟ ಮೇಲೆ ಏನಾಯಿತೆಂದು ನೋಡಿರಿ. ಅವಳೂ ಅವನೂ ಅವಳ ಮನೆಯವರೂ ಬಹುದಿನಗಳವರೆಗೆ ಊಟಮಾಡಿದರು. ಸಾಯಲು ಸಿದ್ಧಳಾಗಿದ್ದವಳು ಮತ್ತೊಬ್ಬರಿಗೆ ಅಡಿಗೆ ಮಾಡುವವಳಾದಳು. ಆದರಣೆಯು ಅವಳ ಮನೆಯನ್ನು ಪ್ರವೇಶಿಸಿದ್ದು ಈ ಬಾಗಿಲಿನಿಂದ.

ಬೇಸಿಗೆಯಲ್ಲಿ ಒಣಗಿದ ಹೊಳೆಯ ಮರಳನ್ನು ತೋಡಿ ಒರತೆ ತೆಗೆಯುವುದನ್ನು ನಮ್ಮ ಹಿರಿಯ ತಾಯಂದಿರು ಚೆನ್ನಾಗಿ ಬಲ್ಲವರಾಗಿದ್ದರು. ಗುಂಡಿಯಲ್ಲಿ ಮೊದಲು ಬರುವ ನೀರು ಕದಡಿರುತ್ತದೆ. ಅದನ್ನು ಮೊಗೆದು ಹೊರಗೆ ಹಾಕಿದರೆ ತಿಳಿನೀರು ಸುತ್ತಲಿಂದ ಜಿನುಗುತ್ತದೆ. ಒಬ್ಬಳು ಕೊಡವನ್ನು ತುಂಬಿಕೊಂಡು ಹೋದರೆ ಮತ್ತೊಬ್ಬಳಿಗಾಗಿ ಮತ್ತೆ ಜಿನುಗುತ್ತದೆ. ಯಾರೂ ಮೊಗೆಯದೆ ಬಿಟ್ಟರೆ ಮರಳು ಕುಸಿದು ಗುಂಡಿ ಮುಚ್ಚಿಹೋಗುತ್ತದೆ. ನಮಗೆ ದೊರೆತ ಧೈರ್ಯದ ಮಾತೂ ಹೀಗೆಯೇ. ನೆರೆಮನೆಯಲ್ಲಿ ಜ್ವರ ಬಂದವರಿಗೆ ಗಂಜಿ ಕೊಟ್ಟು ಬರುವುದು, ಕಲಿಯುವುದರಲ್ಲಿ ಹಿಂದಾದ ಹುಡುಗಿಯನ್ನು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುವುದು, ಸಾವಾದ ಮನೆಯಲ್ಲಿ ಮಾತಿಲ್ಲದೆ ಒಂದು ಗಂಟೆ ಕುಳಿತಿರುವುದು, ಇವುಗಳೇ ಆ ಚಿಕ್ಕ ರೊಟ್ಟಿ.

ಚಾರೆಪ್ತವು ಇಸ್ರಾಯೇಲಿಗೆ ಸೇರಿದ ಊರಲ್ಲ. ಆ ಹೆಂಗಸು ಅನ್ಯಜನಾಂಗದವಳು. ನಜರೇತಿನ ಸಭಾಮಂದಿರದಲ್ಲಿ ಯೇಸುಸ್ವಾಮಿಯು ಇದನ್ನೇ ಎತ್ತಿಹೇಳಿದಾಗ ಕೇಳಿದವರು ಕೋಪಗೊಂಡರೆಂದು ಲೂಕನು ಬರೆದಿದ್ದಾನೆ. ದೇವರ ಪ್ರವಾದಿಯು ಉಳಿದದ್ದು ಬೇರೆ ಮತದ ನೆರೆಯವಳ ಕೈಯೂಟದಿಂದ. ಹಳ್ಳಿಯಲ್ಲಿ ಒಂಟಿಯಾಗಿರುವ ನಮ್ಮ ಹೆಣ್ಣುಮಕ್ಕಳು ಇದನ್ನು ದಿನವೂ ಅನುಭವಿಸುತ್ತಾರೆ. ಹೆರಿಗೆಯ ನೋವಿನ ರಾತ್ರಿಯಲ್ಲಿ ಬಾಗಿಲಿಗೆ ಬಂದವರು ಯಾರು? ನೀರಿಗೆ ಹೋದಾಗ ಮಗುವನ್ನು ಎತ್ತಿಕೊಂಡವರು ಯಾರು? ಅವರ ಮೂಲಕವೂ ದೇವರು ನಮ್ಮನ್ನು ಆದರಿಸುತ್ತಾನೆಂದು ಕೃತಜ್ಞತೆಯಿಂದ ಒಪ್ಪಿಕೊಳ್ಳುವುದು ನಮ್ಮ ನಂಬಿಕೆಗೆ ಕೊರತೆಯಲ್ಲ.

ಪೋಷಕರಿಗೆ ಇಲ್ಲಿ ಒಂದು ಮಾತನ್ನು ಹೇಳತಕ್ಕದ್ದಿದೆ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಾಯಿ ಉಣ್ಣುವುದನ್ನೂ, ತಮ್ಮನಿಗೆ ಹಾಲು ಕೊಟ್ಟು ಅಕ್ಕನಿಗೆ ಮಜ್ಜಿಗೆ ಕೊಡುವುದನ್ನೂ ತ್ಯಾಗವೆಂದು ಹೊಗಳುವವರುಂಟು. ಈ ಕಥೆಯು ಅದಕ್ಕೆ ಆಧಾರವಾಗುವುದಿಲ್ಲ. ಅವಳೂ ಊಟಮಾಡಿದಳೆಂದು ವೇದವು ಸ್ಪಷ್ಟವಾಗಿ ಬರೆದಿದೆ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ೧೫ರಿಂದ ೪೯ ವರುಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯುಳ್ಳವರು. ಕೊಡುವ ಕೈಗೆ ರಕ್ತವಿರಬೇಕು. ಒಂದೇ ಪಂಕ್ತಿಯಲ್ಲಿ ಎಲ್ಲರೂ ಕುಳಿತು ಉಣ್ಣುವ ಮನೆಯಲ್ಲಿ ಮಾಡಿದ ಊಟದ ಪ್ರಾರ್ಥನೆಗೆ ಅರ್ಥ ಹೆಚ್ಚು.

೪. ಕ್ಷಾಮದಲ್ಲಿ ಕಲಿತ ಒಬ್ಬ ಹೆಣ್ಣುಮಗಳು

ಬರದಲ್ಲಿ ಪಡೆದದ್ದನ್ನು ಬರದಲ್ಲಿ ಹಂಚಿದವರಲ್ಲಿ ಪಂಡಿತಾ ರಮಾಬಾಯಿಯವರ ಹೆಸರನ್ನು ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತಿಳಿದಿರಬೇಕು. ಅವರು ಹುಟ್ಟಿದ್ದು ೧೮೫೮ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹೆಂಗಸರು ಸಂಸ್ಕೃತವನ್ನು ಓದಬಾರದೆನ್ನುತ್ತಿದ್ದ ಕಾಲದಲ್ಲಿ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೂ ಮಕ್ಕಳಿಗೂ ಅದನ್ನು ಕಲಿಸಿದರು. ೧೮೭೦ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸರು ಹಸಿವಿನಲ್ಲಿ ಊರೂರು ತಿರುಗಿ ೧೮೭೮ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಅವರಿಗೆ ಪಂಡಿತಾ ಎಂಬ ಬಿರುದನ್ನು ಕೊಟ್ಟರು. ಬಳಿಕ ಅಣ್ಣನು ತೀರಿಕೊಂಡನು; ಮದುವೆಯಾಗಿ ಎರಡು ವರುಷ ತುಂಬುವುದರೊಳಗೆ ಗಂಡನೂ ತೀರಿಕೊಂಡನು; ಕೈಯಲ್ಲಿ ಒಂದು ಹೆಣ್ಣುಕೂಸು ಉಳಿಯಿತು.

೧೮೮೩ರಲ್ಲಿ ಅವರು ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ೧೮೮೯ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವು ತಲೆದೋರಿದಾಗ, ಒಮ್ಮೆ ಹಸಿವಿನಿಂದ ದಾರಿಯಲ್ಲಿ ಅಲೆದಿದ್ದ ಅದೇ ಹೆಣ್ಣುಮಗಳು ಅಲ್ಲಿಗೆ ಹೋಗಿ, ದಿಕ್ಕಿಲ್ಲದ ಹುಡುಗಿಯರನ್ನು ಕರೆತಂದು, ಪುಣೆಯ ಬಳಿಯ ಕೇಡಗಾಂವಿನಲ್ಲಿ ನೆಲೆ ಕೊಟ್ಟರು. ಮುಕ್ತಿ ಎಂಬ ಆ ಸ್ಥಳದಲ್ಲಿ ಹುಡುಗಿಯರು ಓದನ್ನೂ ನೇಯ್ಗೆಯನ್ನೂ ಹೊಲದ ಕೆಲಸವನ್ನೂ ಅಚ್ಚಿನ ಕೆಲಸವನ್ನೂ ಕಲಿತರು. ಅವರ ಮಗಳು ಮನೋರಮೆಯು ನಮ್ಮ ಕನ್ನಡ ನಾಡಿನ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ೧೯೧೨ರಲ್ಲಿ ಸ್ಥಾಪಿತವಾದ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ೧೯೨೧ರಲ್ಲಿ ಮಗಳು ತಾಯಿಗಿಂತ ಮೊದಲೇ ತೀರಿಕೊಂಡಳು. ತಾಯಿಯು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಕೈಗೊಂಡಿದ್ದ ಮರಾಠಿ ಸತ್ಯವೇದದ ಭಾಷಾಂತರವನ್ನು ಬಿಡದೆ ಮುಗಿಸಿ, ೧೯೨೨ರ ಏಪ್ರಿಲಿನಲ್ಲಿ ಕಣ್ಣುಮುಚ್ಚಿದರು.

ಈ ಜೀವನದಲ್ಲಿ ದುಃಖವು ಕಡಿಮೆಯಾಯಿತೆಂದು ಯಾರು ಹೇಳಬಲ್ಲರು? ಕಡೆಯ ವರುಷದವರೆಗೂ ಸಾವು ಅವರ ಮನೆಗೆ ಬಂತು. ಆದರೂ ಅವರ ಮಡಿಕೆಯಿಂದ ತಿಂದವರ ಸಂಖ್ಯೆ ಹೆಚ್ಚುತ್ತಲೇ ಹೋಯಿತು. ಆತ್ಮದ ಬೆಳವಣಿಗೆಯೆಂಬುದು ಅಳುವನ್ನು ಮರೆಯುವುದಲ್ಲ, ಅಳುವವರನ್ನು ಗುರುತಿಸಬಲ್ಲ ಕಣ್ಣನ್ನು ಪಡೆಯುವುದೆಂದು ಅವರ ಬಾಳಿನಿಂದ ತಿಳಿಯುತ್ತೇವೆ.

೫. ಗಿಡದ ಕೆಳಗೆ ಮಲಗಿದ ಪ್ರವಾದಿ

ಇನ್ನು ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬರೋಣ. ಮಳೆ ಬಿದ್ದಾಗಿತ್ತು, ಎಲೀಯನಿಗೆ ಜಯವೂ ದೊರೆತಿತ್ತು. ಆದರೆ ರಾಣಿ ಈಜೆಬೆಲಳ ಬೆದರಿಕೆಯನ್ನು ಕೇಳಿ ಅವನು ಓಡಿಹೋದನು. ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಒಂಟಿಯಾಗಿ ಅರಣ್ಯದಲ್ಲಿ ಒಂದು ದಿನದ ಪ್ರಯಾಣ ಮಾಡಿ, ನಮ್ಮ ಕಡೆಯ ಜಾಲಿಯಂತೆ ಅರೆನೆರಳಿನ ಒಂದು ಗಿಡದ ಕೆಳಗೆ ಕುಳಿತು, ನನಗೆ ಸಾವು ಬರಲೆಂದು ಬೇಡಿದನು. ವಿಧವೆಗೆ ಧೈರ್ಯ ಹೇಳಿದವನೇ ಈಗ ಧೈರ್ಯಗೆಟ್ಟನು. ಅವನು ನಮ್ಮಂಥ ಸ್ವಭಾವವುಳ್ಳ ಮನುಷ್ಯನೇ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಹೇಳಿರುವುದು ಎಷ್ಟು ಸತ್ಯ!

ದೇವರು ಅವನನ್ನು ಹೇಗೆ ಆದರಿಸಿದನೆಂಬುದನ್ನು ಕ್ರಮವಾಗಿ ಗಮನಿಸಿರಿ. ಮೊದಲು ನಿದ್ರೆ. ಆಮೇಲೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ರೆ, ಮತ್ತೆ ಊಟ. ದೂತನು ಅವನನ್ನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದಾರಿಯು ನಿನ್ನ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಂಡು ಊಟವಿಟ್ಟನು. ಬಹುದೂರ ನಡೆದು ಹೋರೇಬ್ ಬೆಟ್ಟವನ್ನು ಸೇರಿದ ಮೇಲೆ ಅವನ ದೂರನ್ನು ದೇವರು ಪೂರ್ತಿಯಾಗಿ ಕೇಳಿದನು. ಗಾಳಿ, ಭೂಕಂಪ, ಬೆಂಕಿಗಳು ಹಾದುಹೋದ ಮೇಲೆ ಮೆಲ್ಲಗಿನ ಒಂದು ಸ್ವರವು ಅವನಿಗೆ ಕೇಳಿಸಿತು. ಕಡೆಗೆ ಮಾಡತಕ್ಕ ಕೆಲಸವೂ, ಎಲೀಷನೆಂಬ ಜೊತೆಗಾರನೂ ದೊರೆತರು.

ಇದರಿಂದ ನಮಗೆ ಎರಡು ಬುದ್ಧಿಗಳಿವೆ. ಮನಸ್ಸು ಕುಗ್ಗಿದ ಹುಡುಗಿಗೆ ಮೊದಲು ಬೇಕಾದದ್ದು ಊಟ, ವಿಶ್ರಾಂತಿ, ಕೇಳುವ ಕಿವಿ. ಸಾವಿನ ಮಾತನ್ನು ಯಾರೇ ಆಡಲಿ, ಅದನ್ನು ಹುಡುಗಾಟವೆಂದಾಗಲಿ ಭಕ್ತಿಯ ಕೊರತೆಯೆಂದಾಗಲಿ ತಳ್ಳಿಹಾಕದೆ ಅವರ ಬಳಿಯಲ್ಲಿರಿ. ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಹೆರಿಗೆಯಾದ ಮೇಲೆ ವಾರಗಟ್ಟಲೆ ಕಾರಣವಿಲ್ಲದೆ ಅಳುವ ಬಾಣಂತಿಗೂ ವೈದ್ಯರ ನೆರವು ಬೇಕಾಗಬಹುದು. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆಯುಂಟು. ೧೯೦೬ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದ ವೆಸ್ಲಿಯನ್ ಮಿಷನ್ನಿನವರು ಔಷಧವನ್ನೂ ಪ್ರಾರ್ಥನೆಯನ್ನೂ ಒಂದನ್ನೊಂದು ವಿರೋಧಿಸುವವುಗಳೆಂದು ಎಣಿಸಲಿಲ್ಲ, ನಾವೂ ಎಣಿಸಬಾರದು.

ಎರಡನೆಯದು, ನಾನೊಬ್ಬನೇ ಉಳಿದೆನೆಂದು ಎಲೀಯನು ಎರಡು ಸಾರಿ ಹೇಳಿದನು. ಆದರೆ ಬಾಳನಿಗೆ ಮೊಣಕಾಲೂರದ ಏಳು ಸಾವಿರ ಮಂದಿ ಇನ್ನೂ ಇದ್ದಾರೆಂದು ದೇವರು ಅವನಿಗೆ ತಿಳಿಸಿದನು.  ಹಳ್ಳಿಯಲ್ಲಿ ಒಬ್ಬಳೇ ಪ್ರಾರ್ಥಿಸುವವಳೂ ಒಬ್ಬಳೇ ಅಲ್ಲ. ಈ ಸಂಚಿಕೆಯನ್ನು ಓದುತ್ತಿರುವ ನಿಮ್ಮಲ್ಲಿ ಒಬ್ಬೊಬ್ಬರೂ, ಜೊತೆಯಲ್ಲಿ ಓದಿದ ಒಬ್ಬಳನ್ನು ನೆನೆದು, ತಿಂಗಳಿಗೊಮ್ಮೆ ಒಂದು ಪತ್ರವನ್ನು ಬರೆಯಿರಿ, ಅಥವಾ ದೂರವಾಣಿಯಲ್ಲಿ ಮಾತನಾಡಿರಿ. ಇಬ್ಬರೂ ಒಂದೇ ಅಧ್ಯಾಯವನ್ನು ಓದುವುದೆಂದು ಗೊತ್ತುಮಾಡಿಕೊಳ್ಳಿರಿ. ನಗರದಲ್ಲಿರುವವರು ಹಳ್ಳಿಯವರನ್ನು ಮೊದಲು ಹುಡುಕತಕ್ಕದ್ದು. ಹಳ್ಳಿಯಲ್ಲಿರುವವರಿಗೆ ಅದರ ಅಗತ್ಯ ಹೆಚ್ಚು.

೬. ಮಳೆ ಬರುವವರೆಗೆ

ಒಂದು ಸಂದೇಹವನ್ನು ಮರೆಮಾಡದೆ ಹೇಳಬೇಕಾಗಿದೆ. ಹಿಟ್ಟು ತೀರದ ಅದೇ ಮನೆಯಲ್ಲಿ ವಿಧವೆಯ ಮಗನು ಕಾಯಿಲೆಬಿದ್ದು ಪ್ರಾಣಬಿಟ್ಟನು. ಎಲೀಯನು ದೇವರನ್ನು ಗಟ್ಟಿಯಾಗಿ ಪ್ರಶ್ನಿಸಿ ಮೊರೆಯಿಟ್ಟನು. ಹುಡುಗನು ಮತ್ತೆ ಜೀವಿಸಿದನು. ನಮ್ಮಲ್ಲಿ ಅನೇಕ ತಾಯಂದಿರಿಗೆ ಹಾಗೆ ಮಗು ಮರಳಿ ಬರಲಿಲ್ಲ. ಏಕೆ ಬರಲಿಲ್ಲವೆಂಬುದಕ್ಕೆ ಈ ಅಧ್ಯಾಯವು ಕಾರಣವನ್ನು ಹೇಳುವುದಿಲ್ಲ, ನಾನೂ ಹೇಳಲಾರೆನು. ದೇವರ ಮುಂದೆ ಮೊರೆಯಿಡುವುದೂ, ಏಕೆಂದು ಕೇಳುವುದೂ ನಂಬಿಕೆಯೊಳಗಿನ ಕ್ರಿಯೆಯೇ ಎಂದು ಮಾತ್ರ ಇಲ್ಲಿಂದ ಧೈರ್ಯವಾಗಿ ಹೇಳಬಹುದು. ಪ್ರವಾದಿಯೇ ಹಾಗೆ ಕೇಳಿದ್ದಾನೆ.

ಕಾಯುವುದನ್ನು ಈ ಜಿಲ್ಲೆಯವರಿಗೆ ಕಲಿಸಬೇಕಾಗಿಲ್ಲ. ಹಿರಿಯೂರಿನ ಬಳಿಯಲ್ಲಿ ವೇದಾವತಿಗೆ ಕಟ್ಟಿದ ವಾಣೀವಿಲಾಸಸಾಗರವು ೧೯೦೭ರಲ್ಲಿ ಮುಗಿಯಿತು. ಅದು ೧೯೩೩ರಲ್ಲಿ ಒಮ್ಮೆ ಕೋಡಿಬಿದ್ದ ಮೇಲೆ ಎಂಬತ್ತೊಂಬತ್ತು ವರುಷ ಕೋಡಿಬೀಳಲಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಹರಿದಾಗ ಅದನ್ನು ನೋಡಲು ಜನರು ಗುಂಪುಗುಂಪಾಗಿ ಹೋದರು. ಆದರೆ ನಡುವಿನ ಅಷ್ಟು ವರುಷಗಳಲ್ಲಿ ಕೆರೆಯು ತುಂಬಿರಲಿಲ್ಲವೆಂದು ಯಾರೂ ಅದನ್ನು ಒಡೆದುಹಾಕಲಿಲ್ಲ. ಇದ್ದಷ್ಟು ನೀರನ್ನು ನಾಲೆಗೆ ಬಿಟ್ಟರು, ಅದರಿಂದ ತೆಂಗೂ ಅಡಿಕೆಯೂ ಬೆಳೆದವು, ಊರುಗಳು ಕುಡಿದವು. ಕೋಡಿಬಿದ್ದ ದಿನವು ನೆನಪಿನಲ್ಲಿರುತ್ತದೆ. ಬದುಕನ್ನು ನಡಸಿದ್ದು ಉಳಿದ ದಿನಗಳ ನೀರು.

ಪತ್ರ ಬರೆದ ಮಗಳಿಗೆ ನನ್ನ ಉತ್ತರವೂ ಇದೇ. ನಿನ್ನ ನಂಬಿಕೆಯು ಬತ್ತಿಲ್ಲ. ಮಡಿಕೆಯ ತಳವು ಕಾಣುತ್ತಿದೆ, ಅಷ್ಟೇ. ನಾಳೆ ಬೆಳಿಗ್ಗೆ ನಾಲ್ಕು ವಚನಗಳನ್ನು ಓದು. ಮನೆಯವರೊಡನೆ ಕುಳಿತು ಹೊಟ್ಟೆತುಂಬ ಊಟಮಾಡು. ನೆರೆಮನೆಯವಳ ಕ್ಷೇಮವನ್ನು ವಿಚಾರಿಸು. ಬಸ್ಸು ದೊರೆಯುವ ಭಾನುವಾರ ದೇವಾಲಯಕ್ಕೆ ಹೋಗು; ದೊರೆಯದ ಭಾನುವಾರ ನಿನ್ನ ಅಡಿಗೆಮನೆಯೇ ದೇವಾಲಯವಾಗಲಿ. ನಮ್ಮ ಕರ್ತನು ಇಬ್ಬರು ಮೂವರು ಸೇರಿದಲ್ಲಿ ತಾನಿರುವೆನೆಂದು ಹೇಳಿದ್ದಾನೆ. ಒಬ್ಬಳು ಬಾಗಿಲು ಮುಚ್ಚಿ ಪ್ರಾರ್ಥಿಸುವುದನ್ನೂ ತಂದೆಯು ನೋಡುತ್ತಾನೆಂದು ಆತನೇ ಹೇಳಿದ್ದಾನೆ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ವಿಧೇಯನಾಗಿದ್ದ ಎಲೀಯನ ಹಳ್ಳವೂ ಬತ್ತಿತು. ಕಷ್ಟದಲ್ಲಿರುವವರ ಮನೆಗೆ ಹೋದಾಗ ನಾವು ಆಡಬಾರದ ಮಾತು ಯಾವುದು?

೨. ಮಡಿಕೆಯು ತುಂಬಿತೆಂಬುದಕ್ಕೂ ತೀರಲಿಲ್ಲವೆಂಬುದಕ್ಕೂ ಇರುವ ಭೇದವನ್ನು ನಿಮ್ಮ ಮನೆಯ ಅನುಭವದಿಂದ ವಿವರಿಸಿರಿ.

೩. ನಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು? ಅವರಿಗೆ ಏನು ಉಳಿದಿರುತ್ತದೆ?

೪. ಬೇರೆ ಮತದ ನೆರೆಯವರಿಂದ ನಮಗೆ ದೊರೆತ ಸಹಾಯವೊಂದನ್ನು ಮಕ್ಕಳಿಗೆ ಹೇಳಿರಿ. ಅವರಿಗೆ ನಾವು ಯಾವ ಚಿಕ್ಕ ರೊಟ್ಟಿಯನ್ನು ಕೊಟ್ಟಿದ್ದೇವೆ?

೫. ಜೊತೆಯಲ್ಲಿ ಓದಿದವರಲ್ಲಿ, ಬಹುದಿನಗಳಿಂದ ಸುದ್ದಿಯಿಲ್ಲದವಳು ಯಾರು? ಅವಳಿಗೆ ಈ ವಾರವೇ ಬರೆಯುವಿರಾ?